ಎಸ್‌ಬಿ ಖಾತೆಗೆ ಜಾಸ್ತಿ ಬಡ್ಡಿ ಎಲ್ಲಿ ಸಿಗುತ್ತದೆ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಖಾಸಗಿ ಶಾಲೆಯ ಶಿಕ್ಷಕಿ. ಸರ್ಕಾರಿ ಬ್ಯಾಂಕಿನ ನನ್ನ ಉಳಿತಾಯ ಖಾತೆಯಲ್ಲಿ ಮೂರೂವರೆ ಲಕ್ಷ ರೂಪಾಯಿ ಇದೆ. ಅದಕ್ಕೆ ಬಡ್ಡಿ ಬರೀ ಶೇ 2.5. ಒಂದು ಸ್ಮಾಲ್ ಫೈನಾನ್ಸ್ ಬ್ಯಾಂಕಿನವರು ಶೇ 7ರವರೆಗೆ ಕೊಡುತ್ತೇವೆ ಎನ್ನುತ್ತಾರೆ. ನಮ್ಮ ಬಡಾವಣೆಯ ಸೌಹಾರ್ದ ಸಹಕಾರಿಯವರು ಅದಕ್ಕಿಂತಲೂ ಜಾಸ್ತಿ ಹೇಳುತ್ತಿದ್ದಾರೆ. ನನ್ನ ತಾಯಿಗೆ 67 ವರ್ಷ. ಅವರ ಎರಡು ಲಕ್ಷವೂ ಹೀಗೇ ಖಾತೆಯಲ್ಲಿ ಬಿದ್ದಿದೆ. ಎಲ್ಲಿಗೆ ಬದಲಾಯಿಸಿದರೆ ಒಳ್ಳೆಯದು?

ಉತ್ತರ: ಬ್ಯಾಂಕ್ ಬದಲಾಯಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಮೂರೂವರೆ ಲಕ್ಷವೂ ಎಸ್‌ಬಿ ಖಾತೆಯಲ್ಲೇ ಇರಬೇಕಾ? ನಿಮ್ಮ ಪತ್ರ ಓದಿದ ಮೇಲೆ ನನಗೆ ಅನಿಸಿದ್ದು, ನಿಮಗೆ ಆಗುತ್ತಿರುವ ನಷ್ಟ ಬ್ಯಾಂಕಿನ ದರಕ್ಕಿಂತ ಈ ಕಾರಣಕ್ಕೇ ಜಾಸ್ತಿ. ಬಾಯಿ ಮಾತಿನಲ್ಲಿ ಹೇಳಿದರೆ ನಂಬಿಕೆ ಬರುವುದಿಲ್ಲ, ಲೆಕ್ಕ ಹಾಕಿಯೇ ನೋಡೋಣ.

ಈಗ ನಿಮಗೆ ವರ್ಷಕ್ಕೆ ಬರುತ್ತಿರುವುದು ಸುಮಾರು 8,750 ರೂಪಾಯಿ. ‘ಶೇ 7ರವರೆಗೆ’ ಎಂಬ ಜಾಹೀರಾತು ನೋಡಿದರೆ 24,500 ಬರುತ್ತದೆ ಅನಿಸುತ್ತದೆ. ಆದರೆ ಅಲ್ಲಿ ‘ವರೆಗೆ’ ಎಂಬ ಪದ ಇದೆ ನೋಡಿ, ಅದನ್ನು ಗಮನಿಸಬೇಕು. ಉಳಿತಾಯ ಖಾತೆಯ ಬಡ್ಡಿ ಸಾಮಾನ್ಯವಾಗಿ ಸ್ಲ್ಯಾಬ್ ಲೆಕ್ಕದಲ್ಲಿ ಇರುತ್ತದೆ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೊದಲ ಒಂದು ಲಕ್ಷಕ್ಕೆ ಶೇ 3, ಒಂದರಿಂದ ಐದು ಲಕ್ಷದವರೆಗಿನ ಹಣಕ್ಕೆ ಶೇ 5, ಐದು ಲಕ್ಷ ದಾಟಿದ ಹಣಕ್ಕೆ ಶೇ 7. ಇಂಥ ಬ್ಯಾಂಕಿನಲ್ಲಿ ನಿಮ್ಮ ಮೊದಲ ಲಕ್ಷಕ್ಕೆ 3,000, ಉಳಿದ ಎರಡೂವರೆ ಲಕ್ಷಕ್ಕೆ 12,500, ಒಟ್ಟು 15,500 ರೂಪಾಯಿ. ಸರಾಸರಿ ಶೇ 4.4 ಆಯಿತು. ನಿಮ್ಮ ಒಂದು ರೂಪಾಯಿಗೂ ಶೇ 7 ಸಿಗಲಿಲ್ಲ.

ಇನ್ನೊಂದು ದಾರಿ ನೋಡಿ. ಬ್ಯಾಂಕ್ ಬದಲಾಯಿಸುವುದೇ ಬೇಡ. ಒಂದು ಲಕ್ಷವನ್ನು ಖಾತೆಯಲ್ಲೇ ಬಿಡಿ. ಎರಡೂವರೆ ಲಕ್ಷಕ್ಕೆ ಅದೇ ಬ್ಯಾಂಕಿನಲ್ಲಿ ಒಂದು ವರ್ಷದ ಎಫ್‌ಡಿ ಮಾಡಿ. ಎಫ್‌ಡಿ ದರ ಶೇ 6 ಎಂದುಕೊಂಡರೂ 15,000, ಖಾತೆಯ ಲಕ್ಷಕ್ಕೆ 2,500, ಒಟ್ಟು 17,500. ಹೊಸ ಬ್ಯಾಂಕಿಗೆ ಹೋಗಿ ಪಡೆಯುವುದಕ್ಕಿಂತ ಇದೇ ಎರಡು ಸಾವಿರ ಜಾಸ್ತಿ. ಇದಾದ ಮೇಲೆ ಖಾತೆಯಲ್ಲಿ ಉಳಿದ ಆ ಒಂದು ಲಕ್ಷವನ್ನು ಶೇ 3ರ ಬ್ಯಾಂಕಿಗೆ ಸಾಗಿಸಿದರೆ ಹೆಚ್ಚಿಗೆ ಸಿಗುವುದು ವರ್ಷಕ್ಕೆ 500 ರೂಪಾಯಿ. ಹೊಸ ಖಾತೆಯ ಡೆಬಿಟ್ ಕಾರ್ಡ್ ಶುಲ್ಕ, ಎಸ್‌ಎಂಎಸ್ ಶುಲ್ಕ, ಅದರ ಮೇಲಿನ ಜಿಎಸ್‌ಟಿ, ಇವೇ ಅದರಲ್ಲಿ ದೊಡ್ಡ ಪಾಲನ್ನು ತಿಂದುಬಿಡಬಹುದು.

ಹಾಗಂತ ದರ ಹುಡುಕುವುದೇ ದಂಡ ಎಂದು ನಾನು ಹೇಳುತ್ತಿಲ್ಲ. ತುರ್ತಿಗೆಂದು ನಾಲ್ಕೈದು ಲಕ್ಷವನ್ನು ಖಾತೆಯಲ್ಲೇ ಇಡಬೇಕಾದವರು ಇದ್ದಾರೆ. ವ್ಯಾಪಾರ ಮಾಡುವವರು, ಮನೆ ಕಟ್ಟಿಸುತ್ತಿರುವವರು, ಆಸ್ಪತ್ರೆ ಖರ್ಚು ಎದುರಿಗಿರುವವರು. ಅಂಥವರಿಗೆ ಎರಡು ಪರ್ಸೆಂಟ್ ವ್ಯತ್ಯಾಸವೂ ದೊಡ್ಡದೇ. ಅವರು ಹುಡುಕಲೇಬೇಕು. ನಿಮಗೂ ಹುಡುಕುವ ರೀತಿ ಗೊತ್ತಿರಲಿ.

ಈ ಸ್ಲ್ಯಾಬ್ ಪದ್ಧತಿ ಬಂದಿದ್ದು 2011ರಲ್ಲಿ. ಅಲ್ಲಿಯವರೆಗೆ ಎಸ್‌ಬಿ ಬಡ್ಡಿ ಎಷ್ಟೆಂದು ರಿಸರ್ವ್ ಬ್ಯಾಂಕೇ ಹೇಳುತ್ತಿತ್ತು. ಎಲ್ಲ ಬ್ಯಾಂಕಿನಲ್ಲೂ ಒಂದೇ ದರ. 2003ರಿಂದ ಶೇ 3.5 ಇತ್ತು, 2011ರ ಮೇ ತಿಂಗಳಲ್ಲಿ ಶೇ 4 ಆಯಿತು. ಅದೇ ವರ್ಷ ಅಕ್ಟೋಬರ್ 25ರಂದು ರಿಸರ್ವ್ ಬ್ಯಾಂಕ್ ಆ ಕಟ್ಟು ಬಿಚ್ಚಿತು. ಒಂದು ಲಕ್ಷದವರೆಗಿನ ಹಣಕ್ಕೆ ಎಲ್ಲ ಗ್ರಾಹಕರಿಗೂ ಒಂದೇ ದರ ಕೊಡಬೇಕು, ಅದರ ಮೇಲಿನ ಹಣಕ್ಕೆ ಮೊತ್ತ ನೋಡಿ ಬೇರೆ ಬೇರೆ ದರ ಕೊಡಬಹುದು ಎಂಬ ನಿಯಮ ಬಂತು. ಅದಕ್ಕೇ ಇವತ್ತಿಗೂ ದರಪಟ್ಟಿಯಲ್ಲಿ ಒಂದು ಲಕ್ಷ ಎಂಬುದು ಗಡಿಯಂತೆ ಕಾಣಿಸುತ್ತದೆ.

ದರಪಟ್ಟಿ ನೋಡುವಾಗ ಮೇಲಿನ ದೊಡ್ಡ ಅಕ್ಷರ ಬಿಟ್ಟು, ನಿಮ್ಮ ಮೊತ್ತ ಯಾವ ಸಾಲಿನಲ್ಲಿ ಬರುತ್ತದೆ ಎಂದು ಮೊದಲು ಹುಡುಕಿ. ಆಮೇಲೆ ಆ ದರ ಪೂರ್ತಿ ಹಣಕ್ಕಾ, ಗಡಿ ದಾಟಿದ ಭಾಗಕ್ಕೆ ಮಾತ್ರವಾ ಎಂದು ಕೇಳಿ. ಎರಡೂ ಥರದ ಬ್ಯಾಂಕ್‌ಗಳಿವೆ. ಕೌಂಟರಿನಲ್ಲಿ ಸರಿಯಾದ ಉತ್ತರ ಸಿಗದಿದ್ದರೆ ‘ಮೂರೂವರೆ ಲಕ್ಷ ಒಂದು ವರ್ಷ ಮುಟ್ಟದೆ ಇಟ್ಟರೆ ಕೈಗೆ ಎಷ್ಟು ರೂಪಾಯಿ ಬರುತ್ತದೆ, ಬರೆದುಕೊಡಿ’ ಎನ್ನಿ. ಪರ್ಸೆಂಟ್ ಬಿಟ್ಟು ರೂಪಾಯಿಯಲ್ಲಿ ಕೇಳುವುದು ಬಹಳ ಒಳ್ಳೆಯ ಅಭ್ಯಾಸ. ಪಟ್ಟಿಯ ಮೇಲೆ ‘ಯಾವ ದಿನದಿಂದ ಜಾರಿ’ ಎಂಬ ತಾರೀಕು ಇರುತ್ತದೆ, ಅದನ್ನೂ ನೋಡಿ. ಯಾರೋ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ‘ಟಾಪ್ 10 ಬ್ಯಾಂಕ್’ ಪಟ್ಟಿಯನ್ನು ನಂಬಿ ಹಣ ಸಾಗಿಸಬೇಡಿ. ದರವನ್ನು ಆಯಾ ಬ್ಯಾಂಕಿನ ವೆಬ್‌ಸೈಟಿನಲ್ಲೇ ನೋಡಬೇಕು.

ತಾರೀಕು ಯಾಕೆ ಮುಖ್ಯ ಗೊತ್ತಾ? ಎಸ್‌ಬಿ ದರ ನಿಮಗೆ ಕೊಟ್ಟ ಮಾತಲ್ಲ. ಬ್ಯಾಂಕ್ ಯಾವಾಗ ಬೇಕಾದರೂ ಇಳಿಸಬಹುದು. 2025ರ ಫೆಬ್ರವರಿಯಿಂದ ಜೂನ್ ಒಳಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ಬ್ಯಾಂಕ್‌ಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು, ಶೇ 6.5ರಿಂದ ಶೇ 5.5ಕ್ಕೆ ಇಳಿಸಿತು. ಅದರ ಹಿಂದೆಯೇ ಸ್ಟೇಟ್ ಬ್ಯಾಂಕ್ ತನ್ನ ಉಳಿತಾಯ ಖಾತೆಯ ಬಡ್ಡಿಯನ್ನು ಶೇ 2.7ರಿಂದ ಶೇ 2.5ಕ್ಕೆ ತಂದಿತು. ಎಚ್‌ಡಿಎಫ್‌ಸಿ, ಐಸಿಐಸಿಐ ಬ್ಯಾಂಕ್‌ಗಳೂ ಶೇ 2.5ಕ್ಕೆ ಬಂದವು. ಎಫ್‌ಡಿ ಹಾಗಲ್ಲ. ಮಾಡಿದ ದಿನದ ದರ ಅವಧಿ ಮುಗಿಯುವವರೆಗೂ ಬದಲಾಗುವುದಿಲ್ಲ. ಶೇ 7 ಎಂದು ನಂಬಿ ಖಾತೆ ತೆರೆದು ಆರು ತಿಂಗಳಲ್ಲಿ ಅದು ಶೇ 5 ಆದರೆ ಯಾರನ್ನೂ ಕೇಳುವ ಹಾಗಿಲ್ಲ.

ಬಡ್ಡಿ ಲೆಕ್ಕ ಹಾಕುವ ರೀತಿಯಲ್ಲಿ ಮಾತ್ರ ಈಗ ಬ್ಯಾಂಕ್‌ಗಳ ನಡುವೆ ದೊಡ್ಡ ವ್ಯತ್ಯಾಸ ಇಲ್ಲ. ಮೊದಲು ಪ್ರತಿ ತಿಂಗಳ 10ನೇ ತಾರೀಕಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಮೊತ್ತಕ್ಕಷ್ಟೇ ಬಡ್ಡಿ ಸಿಗುತ್ತಿತ್ತು. 2010ರ ಏಪ್ರಿಲ್ 1ರಿಂದ ಬ್ಯಾಂಕ್‌ಗಳು ದಿನದ ಬಾಕಿಯ ಮೇಲೆ ಲೆಕ್ಕ ಹಾಕುತ್ತವೆ. ಒಂದು ಲಕ್ಷ ಇದ್ದರೆ ಶೇ 2.5ರಲ್ಲಿ ದಿನಕ್ಕೆ ಆರು ರೂಪಾಯಿ ಎಂಬತ್ತೈದು ಪೈಸೆ. ಹಣ ಎಷ್ಟು ದಿನ ಇತ್ತೋ ಅಷ್ಟು ದಿನದ್ದು ಬರುತ್ತದೆ. ಖಾತೆಗೆ ಜಮಾ ಆಗುವುದು ಮೂರು ತಿಂಗಳಿಗೊಮ್ಮೆ, ಕೆಲವು ಬ್ಯಾಂಕಿನಲ್ಲಿ ತಿಂಗಳಿಗೊಮ್ಮೆ. ‘ಪ್ರತಿ ತಿಂಗಳೂ ಬಡ್ಡಿ’ ಎಂಬ ಜಾಹೀರಾತಿಗೆ ಮರುಳಾಗಬೇಡಿ, ಅದರಿಂದ ಆಗುವ ಲಾಭ ತೀರಾ ಸಣ್ಣದು.

ಅಂಚೆ ಕಚೇರಿಯಲ್ಲಿ ಮಾತ್ರ ಆ ಹಳೆಯ ಪದ್ಧತಿ ಉಳಿದಿದೆ. ಅಂಚೆ ಕಚೇರಿಯನ್ನು ಮರೆತೇಬಿಟ್ಟವರು ಬಹಳ ಮಂದಿ, ಅದಕ್ಕೇ ಇಲ್ಲಿ ನೆನಪಿಸುತ್ತೇನೆ. ಅಲ್ಲಿನ ಉಳಿತಾಯ ಖಾತೆಗೆ 2011ರ ಡಿಸೆಂಬರ್‌ನಿಂದಲೂ ಶೇ 4 ಬಡ್ಡಿ ಇದೆ. ಕನಿಷ್ಠ 500 ರೂಪಾಯಿ ಇದ್ದರೆ ಸಾಕು. ಹಣಕ್ಕೆ ಕೇಂದ್ರ ಸರ್ಕಾರದ ಭರವಸೆ ಇದೆ. ಆದರೆ ಹಣವನ್ನು 10ನೇ ತಾರೀಕಿನ ಒಳಗೆ ಹಾಕಿ ತಿಂಗಳ ಕೊನೆಯವರೆಗೂ ಮುಟ್ಟದೆ ಇಟ್ಟರೆ ಮಾತ್ರ ಪೂರ್ತಿ ಬಡ್ಡಿ. ಮಧ್ಯೆ ತೆಗೆದರೆ ಆ ತಿಂಗಳು ಉಳಿದ ಕನಿಷ್ಠ ಮೊತ್ತಕ್ಕಷ್ಟೇ. ಹಾಗಾಗಿ ದಿನನಿತ್ಯದ ವ್ಯವಹಾರಕ್ಕೆ ಅದು ಹೊಂದುವುದಿಲ್ಲ. ಅಪರೂಪಕ್ಕೆ ಬೇಕಾಗುವ ತುರ್ತು ಹಣಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ.

ಈಗ ಸ್ಮಾಲ್ ಫೈನಾನ್ಸ್ ಬ್ಯಾಂಕ್ ವಿಷಯ. ‘ಜಾಸ್ತಿ ಬಡ್ಡಿ ಕೊಡುತ್ತಾರೆ ಅಂದರೆ ಏನೋ ಮೋಸ ಇರಬೇಕು’ ಎಂಬ ಭಯ ಬೇಡ. ಇವು ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇರುವ ಬ್ಯಾಂಕ್‌ಗಳೇ. 2015ರಲ್ಲಿ ಹತ್ತು ಸಂಸ್ಥೆಗಳಿಗೆ ಮೊದಲ ಒಪ್ಪಿಗೆ ಸಿಕ್ಕಿತು. ಉಜ್ಜೀವನ್, ಜನಾ ಎರಡರ ಮುಖ್ಯ ಕಚೇರಿಯೂ ಬೆಂಗಳೂರಿನಲ್ಲೇ ಇದೆ. ಇವರು ಸಾಲ ಕೊಡುವುದು ಹೆಚ್ಚಾಗಿ ಸಣ್ಣ ವ್ಯಾಪಾರಿಗಳಿಗೆ, ಮಹಿಳಾ ಗುಂಪುಗಳಿಗೆ. ಆ ಸಾಲದ ಬಡ್ಡಿ ಜಾಸ್ತಿ. ದೊಡ್ಡ ಬ್ಯಾಂಕ್‌ಗಳಿಗೆ ಸಂಬಳದ ಖಾತೆಗಳ ಹಣ ತಾನಾಗಿಯೇ ಬಂದು ಬೀಳುತ್ತದೆ, ಇವರಿಗೆ ಹಾಗೆ ಬರುವುದಿಲ್ಲ. ಅದಕ್ಕೇ ಠೇವಣಿ ಸೆಳೆಯಲು ಬಡ್ಡಿ ಏರಿಸುತ್ತಾರೆ. ಕೊಟ್ಟ ಸಾಲ ವಾಪಸ್ ಬರದಿದ್ದರೆ ಕಷ್ಟವೂ ಇವರಿಗೇ ಬೇಗ ತಟ್ಟುತ್ತದೆ. ಈ ಎರಡೂ ಮಾತು ಒಟ್ಟಿಗೆ ನಿಜ.

ಇಲ್ಲಿ ನಿಮ್ಮನ್ನು ಕಾಯುವುದು ಠೇವಣಿ ವಿಮೆ. ಡಿಐಸಿಜಿಸಿ ಎಂಬ ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ಐದು ಲಕ್ಷದವರೆಗೆ ವಿಮೆ ಕೊಡುತ್ತದೆ. ಅಸಲು, ಬಡ್ಡಿ ಎರಡೂ ಸೇರಿ ಐದು ಲಕ್ಷ. ಎಸ್‌ಬಿ, ಎಫ್‌ಡಿ, ಆರ್‌ಡಿ ಎಲ್ಲ ಸೇರಿ ಐದು ಲಕ್ಷ. ದಾವಣಗೆರೆ ಶಾಖೆಯಲ್ಲಿ ಮೂರು, ಹರಿಹರ ಶಾಖೆಯಲ್ಲಿ ಮೂರು ಎಂದು ಇಟ್ಟರೂ ಬ್ಯಾಂಕ್ ಒಂದೇ ಆದ್ದರಿಂದ ಸಿಗುವುದು ಐದೇ. ಬೇರೆ ಬೇರೆ ಬ್ಯಾಂಕ್ ಆದರೆ ಪ್ರತಿಯೊಂದಕ್ಕೂ ಬೇರೆ ಬೇರೆ ಐದು. ವಿಮೆಯ ಕಂತನ್ನು ಬ್ಯಾಂಕೇ ಕಟ್ಟುತ್ತದೆ, ನೀವು ಅರ್ಜಿ ಹಾಕುವಂಥದ್ದು ಏನೂ ಇಲ್ಲ. 1993ರಿಂದ ಈ ಮಿತಿ ಬರೀ ಒಂದು ಲಕ್ಷ ಇತ್ತು. 2019ರ ಸೆಪ್ಟೆಂಬರ್‌ನಲ್ಲಿ ಮುಂಬೈನ ಪಿಎಂಸಿ ಬ್ಯಾಂಕ್ ಮೇಲೆ ನಿರ್ಬಂಧ ಬಿದ್ದು ಜನ ಬೀದಿಗಿಳಿದರು. 2020ರ ಫೆಬ್ರವರಿ 4ರಿಂದ ಮಿತಿ ಐದು ಲಕ್ಷ ಆಯಿತು. 2021ರಲ್ಲಿ ಕಾನೂನಿಗೆ ತಿದ್ದುಪಡಿ ತಂದು, ಬ್ಯಾಂಕಿನಿಂದ ಹಣ ತೆಗೆಯದಂತೆ ನಿರ್ಬಂಧ ಬಿದ್ದರೆ 90 ದಿನದೊಳಗೆ ವಿಮೆ ಹಣ ಸಿಗಬೇಕು ಎಂದು ಮಾಡಿದರು.

ವಿಮೆ ಇದೆ ಎಂದ ಮಾತ್ರಕ್ಕೆ ನಿಶ್ಚಿಂತೆ ಎಂದಲ್ಲ. ಆ 90 ದಿನ ಹಣ ಕೈಗೆ ಸಿಗದೆ ಒದ್ದಾಡುವವರ ಪಾಡು ಬೇರೆ. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗ ಖಾತೆದಾರರಿಗೆ ತೆಗೆಯಲು ಬಿಟ್ಟದ್ದು ತಲಾ 35,000 ರೂಪಾಯಿ. ನಿವೃತ್ತಿ ಹಣವನ್ನೆಲ್ಲ ಅಲ್ಲೇ ಇಟ್ಟಿದ್ದ ಹಿರಿಯರು ಬಹಳ ಮಂದಿ ಇದ್ದರು. ಅದೇ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕ್ ಮೇಲೂ 50,000 ರೂಪಾಯಿ ಮಿತಿ ಬಿತ್ತು. ಎರಡು ವಾರದೊಳಗೆ ಅದು ತೆರವಾಯಿತು, ಠೇವಣಿದಾರರ ಹಣ ಹೋಗಲಿಲ್ಲ. ಎಲ್ಲರ ಅದೃಷ್ಟವೂ ಹಾಗಿರುವುದಿಲ್ಲ. ಆದ್ದರಿಂದ ಸಣ್ಣ ಬ್ಯಾಂಕಿನಲ್ಲಿ ಇಡುವುದಾದರೆ ಬಡ್ಡಿ ಸೇರಿ ಐದು ಲಕ್ಷ ದಾಟದಂತೆ ಇಡಿ. ಮನೆ ನಡೆಸುವ ಹಣ ಪೂರ್ತಿ ಒಂದೇ ಕಡೆ ಇಡಬೇಡಿ.

ಸೌಹಾರ್ದ ಸಹಕಾರಿಯ ವಿಷಯದಲ್ಲಿ ನನ್ನ ಮಾತು ಇನ್ನೂ ಗಟ್ಟಿಯಾಗಿದೆ. ಸಹಕಾರ ಬ್ಯಾಂಕ್ ಬೇರೆ, ಸಹಕಾರ ಸಂಘ ಬೇರೆ. ರಿಸರ್ವ್ ಬ್ಯಾಂಕ್ ಲೈಸೆನ್ಸ್ ಇರುವ ಪಟ್ಟಣ ಸಹಕಾರ ಬ್ಯಾಂಕಿನ ಠೇವಣಿಗೆ ವಿಮೆ ಇದೆ. ಪತ್ತಿನ ಸಹಕಾರ ಸಂಘ, ಲೈಸೆನ್ಸ್ ಇಲ್ಲದ ಸೌಹಾರ್ದ ಸಹಕಾರಿ, ಇವುಗಳಲ್ಲಿ ಇಟ್ಟ ಹಣಕ್ಕೆ ಡಿಐಸಿಜಿಸಿ ವಿಮೆ ಇಲ್ಲ. ಒಂದು ರೂಪಾಯಿಗೂ ಇಲ್ಲ. ಕೆಲವು ಸಂಘಗಳು ಬ್ಯಾಂಕ್ ಎಂಬ ಪದವನ್ನು ಹೆಸರಿಗೆ ಸೇರಿಸಿಕೊಳ್ಳುತ್ತಿವೆ, ಎಚ್ಚರ ಎಂದು ರಿಸರ್ವ್ ಬ್ಯಾಂಕೇ 2021ರ ನವೆಂಬರ್‌ನಲ್ಲಿ ಜನರಿಗೆ ಹೇಳಿತ್ತು. ಸಂಘ ನಡೆಸುವವರು ಒಳ್ಳೆಯವರೇ ಇರಬಹುದು. ನಿಮ್ಮ ಬೀದಿಯವರೇ ಇರಬಹುದು, ದಿನಾ ನಮಸ್ಕಾರ ಹೇಳುವವರೇ ಇರಬಹುದು. ಆದರೆ ತುರ್ತಿಗೆಂದು ಕೂಡಿಟ್ಟ ಹಣವನ್ನು ಪರಿಚಯದ ಮೇಲೆ ಇಡಬಾರದು. ವಿಮೆ ಇರುವ ಬ್ಯಾಂಕ್‌ಗಳ ಪಟ್ಟಿ ಡಿಐಸಿಜಿಸಿ ವೆಬ್‌ಸೈಟಿನಲ್ಲಿದೆ. ಹೆಸರು ಅಲ್ಲಿ ಸಿಗದಿದ್ದರೆ ಶೇ 9 ಅಂದರೂ, ಶೇ 10 ಅಂದರೂ ಬೇಡ ಅನ್ನಿ.

ನಿಮ್ಮ ಹಣಕ್ಕೆ ನಾನು ಏನು ಮಾಡುತ್ತಿದ್ದೆ ಎಂದು ಹೇಳುತ್ತೇನೆ. ಮೂರು ತಿಂಗಳ ಮನೆ ಖರ್ಚು ಎಷ್ಟೋ ಅಷ್ಟನ್ನು ಈಗಿನ ಖಾತೆಯಲ್ಲೇ ಬಿಡಿ. ಮೇಲೆ ಒಂದು ಲಕ್ಷ ಎಂದು ಹಿಡಿದಿದ್ದೆ, ನಿಮಗೆ ಎಂಬತ್ತು ಸಾವಿರವೇ ಸಾಕಾಗಬಹುದು. ಉಳಿದ ಎರಡೂವರೆ ಲಕ್ಷಕ್ಕೆ ಒಂದೇ ಎಫ್‌ಡಿ ಮಾಡಬೇಡಿ. ಐವತ್ತು ಸಾವಿರದ ಐದು ಎಫ್‌ಡಿ ಮಾಡಿ. ನಲವತ್ತು ಸಾವಿರ ಬೇಕಾದರೆ ಒಂದನ್ನು ಮಾತ್ರ ಒಡೆಯಬಹುದು, ಉಳಿದ ನಾಲ್ಕು ಪೂರ್ತಿ ಬಡ್ಡಿ ತರುತ್ತಲೇ ಇರುತ್ತವೆ. ಅವಧಿಗೆ ಮುಂಚೆ ಒಡೆದರೆ ಇಟ್ಟಷ್ಟು ದಿನಕ್ಕೆ ಆಗ ಇದ್ದ ದರ ಸಿಗುತ್ತದೆ, ಅದರಲ್ಲೂ ಅರ್ಧ ಅಥವಾ ಒಂದು ಪರ್ಸೆಂಟ್ ಕಡಿತ ಇರಬಹುದು. ಆ ಕಡಿತ ಎಷ್ಟು ಎಂದು ಮೊದಲೇ ಕೇಳಿ. ಅವಧಿಗೆ ಮುಂಚೆ ಒಡೆಯಲು ಆಗದ ಎಫ್‌ಡಿಗಳೂ ಇವೆ. ದರ ಒಂದಿಷ್ಟು ಜಾಸ್ತಿ ಇರುತ್ತದೆ, ನಿಮಗೆ ಅದು ಬೇಡ.

ಇದನ್ನೇ ಬ್ಯಾಂಕ್ ತಾನಾಗಿ ಮಾಡುವ ಏರ್ಪಾಡೂ ಇದೆ. ಆಟೊ ಸ್ವೀಪ್ ಎನ್ನುತ್ತಾರೆ. ಸ್ಟೇಟ್ ಬ್ಯಾಂಕಿನಲ್ಲಿ ಮಲ್ಟಿ ಆಪ್ಷನ್ ಡಿಪಾಸಿಟ್ ಎಂಬ ಹೆಸರಿದೆ. ಖಾತೆಯಲ್ಲಿ ಗೊತ್ತುಮಾಡಿದ ಮೊತ್ತ ದಾಟಿದ ಹಣ ತಾನಾಗಿಯೇ ಎಫ್‌ಡಿ ಆಗುತ್ತದೆ. ಚೆಕ್ ಬಂದರೆ, ಯುಪಿಐನಲ್ಲಿ ಕಟ್ಟಿದರೆ ಬೇಕಾದಷ್ಟು ಭಾಗ ಒಡೆದು ವಾಪಸ್ ಬರುತ್ತದೆ. ಕೇಳಲು ಬಹಳ ಚಂದ. ಆದರೆ ಪದೇ ಪದೇ ಒಡೆಯುವ ಖಾತೆಯಲ್ಲಿ ಇದರಿಂದ ಲಾಭ ಕಡಿಮೆ. ಏಳು ದಿನ ತುಂಬದ ಎಫ್‌ಡಿಗೆ ಬಡ್ಡಿಯೇ ಬರುವುದಿಲ್ಲ, ತಿಂಗಳೊಳಗೆ ಒಡೆದರೆ ಸಿಗುವ ದರ ಎಸ್‌ಬಿ ದರದ ಆಸುಪಾಸು ಇರುತ್ತದೆ. ಕೊನೆಗೆ ಇಟ್ಟದ್ದು ಮೊದಲು ಒಡೆಯಬೇಕಾ, ಮೊದಲು ಇಟ್ಟದ್ದಾ ಎಂಬುದನ್ನೂ ಕೇಳಿ. ಕೊನೆಗೆ ಇಟ್ಟದ್ದು ಮೊದಲು ಒಡೆದರೆ ನಿಮಗೆ ಒಳ್ಳೆಯದು, ಹಳೆಯ ಎಫ್‌ಡಿಗಳು ಹಾಗೇ ಉಳಿಯುತ್ತವೆ. ನಿಮ್ಮಂತೆ ತಿಂಗಳಿಗೊಮ್ಮೆ ಸಂಬಳ ಬಂದು, ನಿಗದಿತ ಖರ್ಚು ಇರುವವರಿಗೆ ಕೈಯಾರೆ ಮಾಡಿದ ಐದು ಎಫ್‌ಡಿಯೇ ಸಲೀಸು ಎಂದು ನನ್ನ ಅಭಿಪ್ರಾಯ.

ತೆರಿಗೆ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಎಸ್‌ಬಿ ಬಡ್ಡಿಗೆ ಬ್ಯಾಂಕ್ ಟಿಡಿಎಸ್ (ಬಡ್ಡಿ ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ) ಹಿಡಿಯುವುದಿಲ್ಲ. ಅದಕ್ಕೇ ‘ತೆರಿಗೆ ಇಲ್ಲ’ ಎಂದು ಬಹಳ ಜನ ತಿಳಿದಿದ್ದಾರೆ, ಅದು ಸರಿಯಲ್ಲ. ಅದೂ ನಿಮ್ಮ ಆದಾಯವೇ, ರಿಟರ್ನ್‌ನಲ್ಲಿ ತೋರಿಸಬೇಕು. ಹಳೆಯ ತೆರಿಗೆ ಪದ್ಧತಿಯಲ್ಲಿ ಎಸ್‌ಬಿ ಬಡ್ಡಿಗೆ ವರ್ಷಕ್ಕೆ 10,000 ರೂಪಾಯಿವರೆಗೆ ರಿಯಾಯಿತಿ ಇದೆ, ಎಫ್‌ಡಿ ಬಡ್ಡಿಗೆ ಅದು ಅನ್ವಯಿಸದು. 60 ದಾಟಿದವರಿಗೆ ಎರಡೂ ಸೇರಿ 50,000. ಹೊಸ ಪದ್ಧತಿಯಲ್ಲಿ ಈ ರಿಯಾಯಿತಿಗಳಿಲ್ಲ, ಆದರೆ 2025–26ನೇ ಸಾಲಿನಿಂದ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬೀಳುವುದಿಲ್ಲ. ಎಫ್‌ಡಿ ಬಡ್ಡಿ ಒಂದು ಬ್ಯಾಂಕಿನಲ್ಲಿ ವರ್ಷಕ್ಕೆ 50,000 ದಾಟಿದರೆ, ಹಿರಿಯರಿಗೆ ಒಂದು ಲಕ್ಷ ದಾಟಿದರೆ ಟಿಡಿಎಸ್. ನಿಮ್ಮಿಬ್ಬರ ಬಡ್ಡಿಯೂ ಅದರ ಹತ್ತಿರಕ್ಕೂ ಬರುವುದಿಲ್ಲ.

ಅಮ್ಮನ ಎರಡು ಲಕ್ಷಕ್ಕೆ ಬೇರೆ ದಾರಿ ಇದೆ, ಇದನ್ನು ದಯವಿಟ್ಟು ತಡಮಾಡದೆ ನೋಡಿ. ಅಂಚೆ ಕಚೇರಿ ಮತ್ತು ದೊಡ್ಡ ಬ್ಯಾಂಕ್‌ಗಳಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ. 2023ರ ಏಪ್ರಿಲ್‌ನಲ್ಲಿ ಅದರ ದರ ಶೇ 8.2 ಆಯಿತು. ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ, ಆದರೆ ಸೇರಿದ ದಿನದ ದರವೇ ಐದು ವರ್ಷವೂ ನಡೆಯುತ್ತದೆ. ಶೇ 8.2ರಲ್ಲಿ ಒಂದು ಲಕ್ಷ ಇಟ್ಟರೆ ಮೂರು ತಿಂಗಳಿಗೊಮ್ಮೆ 2,050 ರೂಪಾಯಿ ಅವರ ಕೈಗೆ ಬರುತ್ತದೆ. ಅದೇ ಲಕ್ಷ ಎಸ್‌ಬಿಯಲ್ಲಿದ್ದರೆ ವರ್ಷಕ್ಕೇ 2,500. ಮಧ್ಯೆ ತೆಗೆಯಬಹುದು, ಆದರೆ ನಷ್ಟ ಇದೆ. ವರ್ಷ ತುಂಬುವ ಮೊದಲು ತೆಗೆದರೆ ಕೊಟ್ಟ ಬಡ್ಡಿಯನ್ನೂ ಹಿಡಿದುಕೊಳ್ಳುತ್ತಾರೆ. ಅದಕ್ಕೇ ಎರಡೂ ಲಕ್ಷ ಅಲ್ಲಿ ಹಾಕಬೇಡಿ. ಒಂದು ಲಕ್ಷ ಅಲ್ಲಿಗೆ, ಅರವತ್ತು ಸಾವಿರಕ್ಕೆ ಎರಡು ಎಫ್‌ಡಿ, ನಲವತ್ತು ಸಾವಿರ ಖಾತೆಯಲ್ಲಿ. ಎಫ್‌ಡಿಯಲ್ಲಿ ಹಿರಿಯರಿಗೆ ಸಾಮಾನ್ಯವಾಗಿ ಅರ್ಧ ಪರ್ಸೆಂಟ್ ಜಾಸ್ತಿ ಇರುತ್ತದೆ. ಔಷಧಿಗೆ, ಆಸ್ಪತ್ರೆಗೆ ಬೇಕಾದಾಗ ಕಾಯುವಂತಿರಬಾರದು, ಅಲ್ವಾ? ಎಲ್ಲ ಖಾತೆಗೂ ನಾಮಿನಿ ಹೆಸರು ಇದೆಯಾ ಎಂದು ಇದೇ ಸಮಯಕ್ಕೆ ನೋಡಿಬಿಡಿ.

ಇಷ್ಟೆಲ್ಲ ಆದಮೇಲೂ ಆ ಸ್ಮಾಲ್ ಫೈನಾನ್ಸ್ ಬ್ಯಾಂಕಿನ ಮೇಲೆ ಮನಸ್ಸಿದ್ದರೆ, ಅವರ ಎಫ್‌ಡಿ ದರ ಕೇಳಿ. ಎಸ್‌ಬಿ ದರಕ್ಕಿಂತ ಅದರಲ್ಲೇ ನಿಮಗೆ ಲಾಭ ಜಾಸ್ತಿ ಇರಬಹುದು. ಐದು ಎಫ್‌ಡಿಗಳಲ್ಲಿ ಎರಡನ್ನು ಅಲ್ಲಿ ಮಾಡಿದರೆ ತಪ್ಪೇನಿಲ್ಲ. ಅಲ್ಲಿ ಎಸ್‌ಬಿ ಖಾತೆಯನ್ನೂ ತೆರೆಯಿರಿ ಎಂದರೆ, ಮಿನಿಮಮ್ ಬ್ಯಾಲೆನ್ಸ್ ಎಷ್ಟು, ಕಡಿಮೆಯಾದರೆ ದಂಡ ಎಷ್ಟು ಎಂದು ಕೇಳಿ. ಸ್ಟೇಟ್ ಬ್ಯಾಂಕ್ 2020ರಲ್ಲಿ, ಕೆನರಾ ಬ್ಯಾಂಕ್ 2025ರ ಜೂನ್‌ನಿಂದ ಈ ದಂಡವನ್ನು ಕೈಬಿಟ್ಟಿವೆ, ಖಾಸಗಿ ಬ್ಯಾಂಕ್‌ಗಳಲ್ಲಿ ಇನ್ನೂ ಇದೆ. ಸಂಬಳ ಬರುವ ಹಳೆಯ ಖಾತೆಯನ್ನು ಮಾತ್ರ ಮುಚ್ಚಬೇಡಿ. ಗ್ಯಾಸ್ ಸಬ್ಸಿಡಿ, ವಿಮೆ ಕಂತು, ಯುಪಿಐ ಎಲ್ಲ ಅದಕ್ಕೇ ಜೋಡಿಸಿಕೊಂಡಿರುತ್ತದೆ. ಹೊಸ ಖಾತೆಯಲ್ಲೂ ವರ್ಷಕ್ಕೊಮ್ಮೆಯಾದರೂ ಏನಾದರೂ ವ್ಯವಹಾರ ಮಾಡಿ. ಎರಡು ವರ್ಷ ಮುಟ್ಟದೆ ಬಿಟ್ಟರೆ ಖಾತೆ ನಿಷ್ಕ್ರಿಯವಾಗುತ್ತದೆ. ಮತ್ತೆ ಕೆವೈಸಿ ಕಾಗದ ಹಿಡಿದು ಶಾಖೆಗೆ ಹೋಗಬೇಕಾಗುತ್ತದೆ.